ಒಲ್ಲೆ ಎಂದ ಸರ್ವರ್

“ಗುರುಗಳೇ, ಇಬ್ಬರೂ ಒಳ್ಳೆಯವರು. ಇಬ್ಬರೂ ಕೆಲಸ ಬಲ್ಲವರು. ಆದರೂ ಇಬ್ಬರು ಸೇರಿ ಮಾಡಿದ ಕೆಲಸ ಕೆಟ್ಟುಹೋಗುತ್ತದಲ್ಲ, ಅದು ಯಾಕೆ?”

ಕೇಳಿದವನು ಪಂಪಾಪತಿ. ಹೊಸಪೇಟೆಯಲ್ಲಿ ಗುರುಗಳ ಮನೆಯ ಜಗಲಿಯ ಮೇಲೆ ಕೂತು ಕಂಪ್ಯೂಟರ್ ವಿದ್ಯೆ ಕಲಿಯುತ್ತಿದ್ದ ಶಿಷ್ಯರಲ್ಲಿ ಒಬ್ಬ. ಅವನೂ ಅವನ ಗೆಳೆಯನೂ ಸೇರಿ ಒಂದು ಕೆಲಸ ಹಿಡಿದಿದ್ದರು. ಗೆಳೆಯ ಮಾಡಿ ಕಳಿಸಿದ ಭಾಗ ತನ್ನ ಭಾಗಕ್ಕೆ ಹೊಂದುತ್ತಿಲ್ಲ ಎಂದು ಪಂಪಾಪತಿಗೆ ಗೊತ್ತಾಗಿತ್ತು. ಗೆಳೆಯನಿಗೆ ಇನ್ನೂ ಹೇಳಿರಲಿಲ್ಲ.

ಗುರುಗಳು ಅಮೃತಬಳ್ಳಿಯ ಕಷಾಯ ಕಾಯಿಸಿ ಇಟ್ಟಿದ್ದರು. ಒಂದು ಲೋಟ ಬಗ್ಗಿಸಿ ಶಿಷ್ಯನ ಮುಂದೆ ಇಟ್ಟರು. ಅವನು ಒಂದು ಗುಟುಕು ಕುಡಿದ. ಕಹಿಗೆ ಕಣ್ಣಲ್ಲಿ ನೀರು ಬಂತು.

“ಹೇಗಿದೆ?”

“ಬಹಳ ಚೆನ್ನಾಗಿದೆ ಗುರುಗಳೇ.”

ಗುರುಗಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗೋಡೆಗೆ ಒರಗಿ ಕತೆ ಶುರು ಮಾಡಿದರು.

ಕೇಳು. ಒಬ್ಬ ಸರ್ವರ್ ಕಾಯುವವನಿದ್ದ. ಒಬ್ಬಳು ಮಾಡ್ಯೂಲ್ ಬರೆಯುವವಳಿದ್ದಳು. ಹೆಸರು ಕೇಳಬೇಡ. ಹೆಸರು ಹೇಳಿದೆನೋ, ನೀನು ಕತೆ ಬಿಟ್ಟು ಅವರು ಯಾವ ಊರಿನವರು, ಯಾರ ಪೈಕಿ ಅಂತ ಕೇಳಿಕೊಂಡು ಕೂರುತ್ತೀಯೆ. ನಿನ್ನನ್ನು ನಾನು ಬಲ್ಲೆ.

ಇಬ್ಬರೂ ಒಂದು ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದರು. ಮೂತ್ರಪಿಂಡ ಕೆಟ್ಟವರು ಡಯಾಲಿಸಿಸ್‌ಗೆ ಬರುವ ಆಸ್ಪತ್ರೆ ಅದು. ಅಲ್ಲಿ ಯಂತ್ರ ಕಡಿಮೆ, ಜನ ಹೆಚ್ಚು. ಯಾರು ಮೊದಲು ಬಂದರೋ ಅವರಿಗೆ ಮೊದಲ ಸರದಿ. ಹಾಗಾಗಿ ಬೆಳಕು ಹರಿಯುವ ಮುಂಚೆಯೇ ಗೇಟಿನ ಮುಂದೆ ಸಾಲು ನಿಲ್ಲುತ್ತಿತ್ತು. ನಿಲ್ಲುತ್ತಿತ್ತು ಅನ್ನುವುದು ಬಾಯಿಮಾತಿಗೆ. ಕಾಲು ಊದಿಕೊಂಡವರು ನಿಲ್ಲುವುದೆಲ್ಲಿಂದ ಬಂತು? ಕಂಬಳಿ ಹೊದ್ದು ಮಣ್ಣಿನ ಮೇಲೆಯೇ ಕೂತಿರುತ್ತಿದ್ದರು.

ಮಾಡ್ಯೂಲ್ ಬರೆಯುವವಳು ಒಂದು ಬೆಳಿಗ್ಗೆ ಆ ಸಾಲನ್ನು ಕಣ್ಣಾರೆ ಕಂಡಳು. ಇವರು ಮನೆಯಲ್ಲೇ ಕೂತು ಫೋನಿನಲ್ಲಿ ಸರದಿ ಹಿಡಿಯುವ ಹಾಗೆ ಮಾಡುತ್ತೇನೆ ಅಂದಳು. ಅಂದವಳು ಹಟ ಹಿಡಿದು ಕೂತು ಬರೆದಳು. ಹಬ್ಬ ಹೋಯಿತು, ತಂಗಿಯ ಸೀಮಂತ ಹೋಯಿತು, ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

ಈಗ ಸರ್ವರ್ ಅಂದರೆ ಏನು, ಮಾಡ್ಯೂಲ್ ಅಂದರೆ ಏನು ಅಂತ ಹೇಳುತ್ತೇನೆ. ಗೊತ್ತಿದೆ ಅಂತ ಮುಖ ಮಾಡಬೇಡ. ಗೊತ್ತಿದೆ ಅನ್ನುವವರಿಗೇ ನಾನು ಎರಡು ಸಲ ಹೇಳುವುದು. ಸರ್ವರ್ ಅನ್ನುವುದು ಬಂದವರಿಗೆ ಕೇಳಿದ್ದನ್ನು ಕೊಡುವ ತಂತ್ರಾಂಶ. ಮಾಡ್ಯೂಲ್ ಅನ್ನುವುದು ಅದಕ್ಕೆ ಹೊಸ ಕೆಲಸ ಕಲಿಸಲು ಸೇರಿಸುವ ತುಂಡು. ಎರಡನ್ನೂ ಮನುಷ್ಯರೇ ಬರೆಯುತ್ತಾರೆ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ಮಾಡುವುದಕ್ಕೆ ಕಂಪೈಲ್ ಅನ್ನುತ್ತಾರೆ. ಕಂಪೈಲ್ ಮಾಡುವಾಗ ಇದು ಇರಲಿ, ಅದು ಬೇಡ ಅಂತ ಕೆಲವು ಆಯ್ಕೆಗಳನ್ನು ಕೊಡಬೇಕು.

ಸರ್ವರ್ ಕಾಯುವವನು ಜಾಗರೂಕ ಮನುಷ್ಯ. ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿತು ಅಂತ ಕೂಡಲೇ ತಿಳಿಯಬೇಕು, ರೋಗಿಗಳ ವಿಷಯ ಅಂದುಕೊಂಡ. ಅದಕ್ಕೆ ತಪ್ಪು ಹುಡುಕುವ ಆಯ್ಕೆಯನ್ನು ಹಾಕಿ ಸರ್ವರನ್ನು ಕಂಪೈಲ್ ಮಾಡಿದ. ಮಾಡ್ಯೂಲ್ ಬರೆಯುವವಳೂ ಜಾಗರೂಕಳೇ. ರೋಗಿಗಳು ಕಾಯಬಾರದು, ಕೆಲಸ ಚುರುಕಾಗಿ ಆಗಬೇಕು ಅಂದುಕೊಂಡಳು. ಆ ಆಯ್ಕೆ ಇದ್ದರೆ ಕೆಲಸ ನಿಧಾನ, ಅದಕ್ಕೆ ಅದನ್ನೇ ತೆಗೆದು ಮಾಡ್ಯೂಲನ್ನು ಕಂಪೈಲ್ ಮಾಡಿದಳು. ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಆ ಗೇಟಿನ ಮುಂದಿನ ಜನವೇ. ಇದನ್ನು ನೆನಪಿಟ್ಟುಕೋ.

ಮಾಡ್ಯೂಲ್ ಸೇರಿಸುವ ದಿನ ಬಂತು. ಆಸ್ಪತ್ರೆಯ ಯಜಮಾನರು ಡಾಕ್ಟರುಗಳನ್ನೆಲ್ಲ ಕರೆದು ಕೂರಿಸಿದ್ದರು. ಅವಳು ಹೊಸ ಸೀರೆ ಉಟ್ಟು, ಪೇಡದ ಡಬ್ಬಿ ಹಿಡಿದುಕೊಂಡು ಬಂದಿದ್ದಳು. ಸರ್ವರ್ ಕಾಯುವವನು ತನ್ನ ಮೂಲೆಯಲ್ಲಿ ಕೂತು ಮಾಡ್ಯೂಲನ್ನು ಸೇರಿಸಲು ಹೋದ.

ಸರ್ವರ್ ಒಲ್ಲೆ ಅಂದಿತು.

ಒಳ್ಳೆಯ ಸರ್ವರ್ ಯಾವ ತುಂಡನ್ನೂ ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನೀನು ಯಾವ ಆಯ್ಕೆಯಲ್ಲಿ ಆದವನಪ್ಪ, ನಾನು ಯಾವ ಆಯ್ಕೆಯಲ್ಲಿ ಆದವನು ಅಂತ ಬಾಗಿಲಲ್ಲೇ ಎರಡರ ಗುರುತನ್ನೂ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ, ಈ ಮಾಡ್ಯೂಲ್ ನನಗೆ ಹೊಂದುವುದಿಲ್ಲ ಅಂತ ಒಂದು ಸಾಲು ಬರೆದು ನಿಂತುಬಿಡುತ್ತದೆ. ಅದಕ್ಕೆ ದಯೆಯೂ ಇಲ್ಲ, ದ್ವೇಷವೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿತು, ಅಷ್ಟೇ.

ಆ ಸಾಲು ಕಂಡದ್ದು ಅವನೊಬ್ಬನಿಗೆ. ತಲೆ ಎತ್ತಿ ನೋಡಿದ. ಅವಳು ಪೇಡದ ಡಬ್ಬಿಯ ದಾರ ಬಿಚ್ಚುತ್ತಿದ್ದಳು. ಡಾಕ್ಟರುಗಳು ಗಡಿಯಾರ ನೋಡುತ್ತಿದ್ದರು. ಇಷ್ಟು ಜನರ ಎದುರು, ಮೇಡಂ, ನಿಮ್ಮದು ಹೊಂದುತ್ತಿಲ್ಲ ಅಂತ ಹೇಗೆ ಹೇಳುವುದು? ಪಾಪ, ಎಷ್ಟು ಕಷ್ಟಪಟ್ಟಿದ್ದಾಳೆ. ಮುಖ ಸಣ್ಣದಾಗುವುದಿಲ್ಲವೇ?

ದಾಕ್ಷಿಣ್ಯ! ನಮ್ಮ ಜನಕ್ಕೆ ಅಂಟಿಕೊಂಡ ರೋಗ ಅದು. ಅವನು ಏನು ಮಾಡಿದ ಗೊತ್ತೇ? “ನೆಟ್ ಸ್ವಲ್ಪ ನಿಧಾನ ಇದೆ, ಒಂದು ನಿಮಿಷ” ಅಂತ ಎಲ್ಲರಿಗೂ ಹೇಳಿದ. ಹೇಳಿ, ಬಾಗಿಲಲ್ಲಿ ಗುರುತು ತಾಳೆ ನೋಡುತ್ತದಲ್ಲ, ಸರ್ವರಿನ ಆ ಭಾಗವನ್ನೇ ಕಿತ್ತುಹಾಕಿದ. ಮತ್ತೆ ಕಂಪೈಲ್ ಮಾಡಿದ. ಈಗ ಸರ್ವರ್ ಒಂದು ಮಾತೂ ಆಡದೆ ಮಾಡ್ಯೂಲನ್ನು ಒಳಗೆ ಬಿಟ್ಟುಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ, ಪೇಡ ತಿಂದ, ಇನ್ನೊಂದು ಕೇಳಿ ಇಸಿದುಕೊಂಡ. ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ. ಅವನು ಕೆಟ್ಟವನಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಕೆಲವು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಗೇಟಿನ ಮುಂದಿನ ಸಾಲು ಕರಗಿತು. ಜನ ಮನೆಯಲ್ಲೇ ಗಂಜಿ ಕುಡಿದು, ತಮ್ಮ ಹೊತ್ತಿಗೆ ಸರಿಯಾಗಿ ಬಂದು, ಯಂತ್ರದ ಪಕ್ಕ ಮಲಗಿ ಎದ್ದು ಹೋದರು. ಆಮೇಲೆ ಒಂದು ಬೆಳಿಗ್ಗೆ ಸರ್ವರ್ ದೊಪ್ಪನೆ ಬಿತ್ತು. ಎಬ್ಬಿಸಿದರು. ಮತ್ತೆ ಬಿತ್ತು. ಬಿದ್ದಾಗಲೆಲ್ಲ ಅದರಲ್ಲಿದ್ದ ಸರದಿಯೂ ಅಳಿಸಿಹೋಗುತ್ತಿತ್ತು. ಕೊಪ್ಪಳದ ಕಡೆಯಿಂದ ಬಂದ ಒಬ್ಬ ಅಜ್ಜಿ ಫೋನು ಹಿಡಿದು ತೋರಿಸಿದಳು. “ಇದರಾಗ ನನ್ನ ಹೆಸರು ಐತಲ್ಲೋ ಯಪ್ಪಾ” ಅಂದಳು. ಒಳಗೆ ಹೆಸರಿರಲಿಲ್ಲ. ಅಜ್ಜಿ ಸಂಜೆಯವರೆಗೂ ಕೂತಳು.

ಯಾಕೆ ಬೀಳುತ್ತಿತ್ತು? ಸರ್ವರ್ ಪ್ರತಿ ರೋಗಿಯ ಕೋರಿಕೆಗೂ ನೆನಪಿನಲ್ಲಿ ಸಾಲಾಗಿ ಖಾನೆಗಳನ್ನು ಮಾಡುತ್ತದೆ. ಹೆಸರಿಗೊಂದು ಖಾನೆ, ಹೊತ್ತಿಗೊಂದು ಖಾನೆ, ಹೀಗೆ. ತಪ್ಪು ಹುಡುಕುವ ಆಯ್ಕೆ ಹಾಕಿದರೆ ನಡುವೆ ಒಂದು ಖಾನೆ ಹೆಚ್ಚು. ಇದು ಸರ್ವರಿಗೆ ಗೊತ್ತು. ಮಾಡ್ಯೂಲಿಗೆ ಗೊತ್ತಿಲ್ಲ, ಅದು ಆ ಆಯ್ಕೆ ಇಲ್ಲದೆ ಆದದ್ದು. ಬೀದಿಯಲ್ಲಿ ಹೆಸರು ಓದದೆ ಬಾಗಿಲು ಎಣಿಸಿಕೊಂಡು ಹೋಗುವ ಹಾಲಿನವನನ್ನು ನೋಡಿದ್ದೀಯಲ್ಲ? ನಡುವೆ ಯಾರೋ ಹೊಸ ಮನೆ ಕಟ್ಟಿದರೆ ಅಲ್ಲಿಂದಾಚೆ ಎಲ್ಲರ ಹಾಲೂ ತಪ್ಪು ಮನೆಗೆ. ಮಾಡ್ಯೂಲ್ ಹಾಗೆ ಎಣಿಸಿಕೊಂಡು ಹೋಗಿ ತಪ್ಪು ಖಾನೆಗೆ ಕೈ ಹಾಕುತ್ತಿತ್ತು. ಆ ಖಾನೆ ಖಾಲಿ ಇದ್ದ ದಿನ ಏನೂ ಆಗುತ್ತಿರಲಿಲ್ಲ. ತುಂಬಿದ್ದ ದಿನ ಅದರಲ್ಲಿದ್ದದ್ದನ್ನು ವಿಳಾಸ ಅಂದುಕೊಂಡು ಹೊರಡುತ್ತಿತ್ತು. ಅಲ್ಲಿ ಮನೆಯೂ ಇಲ್ಲ, ಮಠವೂ ಇಲ್ಲ. ಸರ್ವರನ್ನೂ ಎಳೆದುಕೊಂಡು ಬೀಳುತ್ತಿತ್ತು.

ಈಗ ತಪ್ಪು ಯಾರದು ಅನ್ನುವ ಮಾತು ಬಂತು. ಅವನು ಮಾಡ್ಯೂಲನ್ನು ತೆಗೆದು ತೋರಿಸಿದ. ಸರ್ವರ್ ಬೀಳದೆ ಕಲ್ಲುಗುಂಡಿನ ಹಾಗೆ ನಿಂತಿತು. ಅವಳು ತನ್ನ ಮೇಜಿನ ಮೇಲಿನ ಯಂತ್ರದಲ್ಲಿ ಮಾಡ್ಯೂಲನ್ನು ಓಡಿಸಿ ತೋರಿಸಿದಳು. ಅಲ್ಲಿ ಸರ್ವರನ್ನೂ ಅವಳೇ ತನ್ನ ಆಯ್ಕೆಯಲ್ಲೇ ಕಂಪೈಲ್ ಮಾಡಿಕೊಂಡಿದ್ದಳು. ಹಾಗಾಗಿ ಮಾಡ್ಯೂಲ್ ನೀರಿನ ಹಾಗೆ ಹರಿಯಿತು. ಇಬ್ಬರೂ ಸುಳ್ಳು ಹೇಳಲಿಲ್ಲ. ಯಜಮಾನರಿಗೆ ತಲೆ ಕೆಟ್ಟಿತು. “ಸೋಮವಾರದೊಳಗೆ ಸರಿಹೋಗದಿದ್ದರೆ ಈ ಮಾಡ್ಯೂಲೇ ಬೇಡ. ತೆಗೆದುಹಾಕಿ. ಮೊದಲಿನ ಹಾಗೆ ಗೇಟಿನ ಮುಂದೆಯೇ ಸಾಲು ನಿಲ್ಲಲಿ” ಅಂದರು.

ಅವಳು ತಾನು ಬರೆದದ್ದನ್ನು ಸಾಲು ಸಾಲಾಗಿ ಓದಿದಳು. ಚೆನ್ನಾಗಿದ್ದದ್ದನ್ನೆಲ್ಲ ಅಳಿಸಿ ಮತ್ತೆ ಬರೆದಳು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೆ ಮನೆಗೆ ವಾಪಸು ಹೋಯಿತು. ಒಂದು ಸಲ ಅವಳಿಗೂ ಹೊಳೆಯಿತು, ಇವರು ಸರ್ವರನ್ನು ಹೇಗೆ ಕಂಪೈಲ್ ಮಾಡಿದ್ದಾರೆ ಅಂತ ಕೇಳೋಣವೇ ಅಂತ. ಎದ್ದು ಅವನ ಮೇಜಿನವರೆಗೂ ಹೋದಳು. ಆದರೆ ಅವನು ಹಿರಿಯ. ಒಂದು ದಿನ ಒಂದು ಬಿರುಸು ಮಾತು ಆಡಿದವನಲ್ಲ. ಹಾಗೆ ಕೇಳಿದರೆ ಅವನ ಕೆಲಸದ ಮೇಲೆ ಬೆರಳಿಟ್ಟ ಹಾಗಾಗುವುದಿಲ್ಲವೇ? “ಊಟ ಆಯಿತಾ ಸರ್?” ಅಂತ ಕೇಳಿ ವಾಪಸು ಬಂದಳು.

ಇಗೋ, ನನಗೆ ಮೈ ಉರಿಯುವುದು ಇಲ್ಲೇ! ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಬೆಳಿಗ್ಗೆ ಎದುರಾದರೆ ನಮಸ್ಕಾರ. ಚಹಾಕ್ಕೆ ಒಟ್ಟಿಗೆ ಹೋಗುವುದು. ಮಕ್ಕಳ ಪರೀಕ್ಷೆ ಮುಗಿಯಿತಾ, ಸೆಖೆ ಜಾಸ್ತಿಯಾಯಿತು ಅಲ್ಲವಾ ಅಂತ ಮಾತು. ಅತ್ತ ಗೇಟಿನ ಮುಂದೆ ಕಂಬಳಿಗಳು ಮತ್ತೆ ಬಂದು ಕೂತಿದ್ದವು.

ಇಲ್ಲಿಗೆ ಬಂದಾಗ ಪಂಪಾಪತಿಗೆ ತಡೆಯಲಾಗಲಿಲ್ಲ. “ಗುರುಗಳೇ, ಬಾಗಿಲಲ್ಲಿ ಒಲ್ಲೆ ಅಂದದ್ದು ಅವನಿಗೆ ನೆನಪಿರಲಿಲ್ಲವೇ?”

“ಇತ್ತು. ಯಾಕಿರಲಿಲ್ಲ? ಮೊದಮೊದಲು, ಗುರುತು ತಾನೇ, ಅದರಿಂದ ಏನಾಗುತ್ತದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಮೇಲೆ ಅನುಮಾನ ಬಂತು. ಅಷ್ಟರಲ್ಲಿ ತಡವಾಗಿತ್ತು. ಮೊದಲ ದಿನ ನುಂಗಿದ ಮಾತು ದಿನ ಕಳೆದ ಹಾಗೆಲ್ಲ ಊದಿಕೊಳ್ಳುತ್ತದೆ ಮಾರಾಯ, ಗಂಟಲಿನಿಂದ ಮೇಲೆ ಬರುವುದಿಲ್ಲ. ನಿನ್ನ ಲೋಟ ಖಾಲಿಯಾಗಿದೆಯಲ್ಲ, ಇನ್ನೊಂದು ಹಾಕಲೇ?”

“ಹಾಕಿ ಗುರುಗಳೇ” ಎಂದ ಪಂಪಾಪತಿ. ಮೂಗು ಬಿಗಿಹಿಡಿದು ಅದನ್ನೂ ಕುಡಿದು ಮುಗಿಸಿದ. ಗುರುಗಳು ಕತೆ ಮುಂದುವರಿಸಿದರು.

ಸೋಮವಾರ ಬಂತು. ಮಾಡ್ಯೂಲನ್ನು ಬೇರೆಯವರು ತೆಗೆಯುವುದು ಬೇಡ, ನಾನೇ ತೆಗೆಯುತ್ತೇನೆ ಅಂತ ಅವಳು ಅವನ ಮೂಲೆಗೆ ಬಂದಳು. ಅದೇ ಮೊದಲ ಸಲ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತದ್ದು. ಕೈ ಕೀಲಿಮಣೆಯ ಮೇಲೆ ಇಟ್ಟಳು. ಒತ್ತಲಿಲ್ಲ.

“ಸರ್, ನಾನು ಈ ಕೆಲಸಕ್ಕೆ ಲಾಯಕ್ಕಲ್ಲ” ಅಂದಳು. “ಎಲ್ಲಿ ತಪ್ಪಿದೆ ಅಂತಲೂ ನನಗೆ ಕಾಣುತ್ತಿಲ್ಲ. ಆ ಅಜ್ಜಿಯ ಮುಖ ಕಣ್ಣೆದುರಿಗೇ ಬರುತ್ತದೆ. ಇದನ್ನು ತೆಗೆದುಹಾಕಿ, ಕೆಲಸವನ್ನೂ ಬಿಟ್ಟು ಮನೆಗೆ ಹೋಗುತ್ತೇನೆ.”

ಯಾರ ಮುಖ ಸಣ್ಣದಾಗಬಾರದು ಅಂತ ಅವನು ಅಷ್ಟೆಲ್ಲ ಮಾಡಿದ್ದನೋ, ಆ ಮುಖ ಅವನ ಎದುರಿಗೇ ಇತ್ತು. ಅದಕ್ಕಿಂತ ಸಣ್ಣದಾಗಲು ಇನ್ನು ಏನೂ ಉಳಿದಿರಲಿಲ್ಲ. ಅವನು ಕೀಲಿಮಣೆಯ ಮೇಲಿದ್ದ ಅವಳ ಕೈಯನ್ನು ತಡೆದ.

“ಮೇಡಂ, ತೆಗೆಯಬೇಡಿ. ಮೊದಲ ದಿನವೇ ಸರ್ವರ್ ಇದನ್ನು ಒಲ್ಲೆ ಅಂದಿತ್ತು. ಗುರುತು ತಾಳೆಯಾಗಿರಲಿಲ್ಲ. ನಾನೇ ಅದರ ಬಾಯಿ ಮುಚ್ಚಿಸಿ ಒಳಗೆ ಬಿಟ್ಟೆ.”

ಅವಳು ಅವನನ್ನು ನೋಡಿದಳು. ನೋಡಿಯೇ ನೋಡಿದಳು.

“ಅಯ್ಯೋ ಪುಣ್ಯಾತ್ಮಾ! ಅವತ್ತೇ ಯಾಕೆ ಹೇಳಲಿಲ್ಲ ಸರ್?”

“ಪೇಡ ತಂದಿದ್ದಿರಿ. ನಿಮಗೆ ಬೇಜಾರಾಗುತ್ತದೆ ಅಂತ…”

“ಈಗ ನನಗೆ ಆಗಿರುವುದು ಏನು, ಸಂತೋಷವೇ?”

ಅವಳಿಗೆ ಅಳು ಬಂತು, ಸಿಟ್ಟು ಬಂತು. ಮೇಜಿನ ಮೇಲಿದ್ದ ಕಾಗದದ ಲೋಟವನ್ನು ತೆಗೆದು ಅವನ ಕಡೆ ಎಸೆದಳು. ಅದು ಅವನ ಭುಜಕ್ಕೆ ತಾಗಿ ಕೆಳಗೆ ಬಿತ್ತು. ಅಷ್ಟರಲ್ಲಿ ಅವಳಿಗೆ ನಗು ಬಂದುಬಿಟ್ಟಿತು. ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಪ್ಪು ತನ್ನ ಬರವಣಿಗೆಯಲ್ಲಿ ಇರಲಿಲ್ಲ! ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದ ಹಾಗಾಯಿತು. “ಏಳಿ ಸರ್, ಅಲ್ಲ, ಕೂತ್ಕೊಳ್ಳಿ. ಯಾವ ಆಯ್ಕೆಯಲ್ಲಿ ಸರ್ವರ್ ಕಂಪೈಲ್ ಮಾಡಿದ್ದೀರಿ ಹೇಳಿ ಮೊದಲು” ಅಂದಳು.

ಅವನು ಹೇಳಿದ. ಅವಳು ಅದೇ ಆಯ್ಕೆ ಹಾಕಿ ಮಾಡ್ಯೂಲನ್ನು ಹೊಸದಾಗಿ ಕಂಪೈಲ್ ಮಾಡಿದಳು. ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಬಾಗಿಲಲ್ಲಿ ಕಿತ್ತುಹಾಕಿದ್ದನ್ನು ಅವನು ಇದ್ದ ಜಾಗಕ್ಕೇ ಮತ್ತೆ ಹಾಕಿದ. ಇಬ್ಬರೂ ಪರದೆಯ ಕಡೆ ಬಾಗಿ ನೋಡಿದರು. ಸರ್ವರ್ ಗುರುತು ತಾಳೆ ನೋಡಿತು. ಏನೂ ಹೇಳದೆ ಒಳಗೆ ಬಿಟ್ಟುಕೊಂಡಿತು. ಈ ಸಲದ ಮೌನ ನಿಜವಾದ ಒಪ್ಪಿಗೆ.

ಯಜಮಾನರಿಗೆ ಅವನೇ ಹೋಗಿ ಎಲ್ಲ ಹೇಳಿದ. ಚೆನ್ನಾಗಿ ಬೈಸಿಕೊಂಡ. ಬೈಸಿಕೊಂಡು ಹೊರಗೆ ಬಂದವನ ಮುಖ ನೋಡಬೇಕಿತ್ತು, ಜ್ವರ ಬಿಟ್ಟ ಮಗುವಿನ ಮುಖದ ಹಾಗಿತ್ತು. ಹೊರಗೆ ಅವಳು ಚಹಾ ಹಿಡಿದುಕೊಂಡು ನಿಂತಿದ್ದಳು. “ಸಕ್ಕರೆ ಜಾಸ್ತಿಯಾಗಿದೆ ಮೇಡಂ” ಅಂದ ಅವನು, ಒಂದು ಗುಟುಕು ಕುಡಿದು. “ಪರವಾಗಿಲ್ಲವೇ, ಬಾಯಿ ಬಂತಲ್ಲ ನಿಮಗೆ” ಅಂದಳು ಅವಳು.

ಸರ್ವರ್ ಮತ್ತೆ ಬೀಳಲಿಲ್ಲ. ಗೇಟಿನ ಮುಂದೆ ಮಣ್ಣು ಖಾಲಿಯಾಯಿತು. ಕೊಪ್ಪಳದ ಅಜ್ಜಿ ಮಗನ ಸ್ಕೂಟರಿನ ಹಿಂದೆ ಕೂತು ತನ್ನ ಹೊತ್ತಿಗೆ ಬಂದು, ತನ್ನ ಹೊತ್ತಿಗೆ ಹೋದಳು. ಗೇಟಿನ ಹತ್ತಿರ ಚಹಾ ಮಾರುತ್ತಿದ್ದವನೊಬ್ಬ ಮಾತ್ರ, ಬೆಳಗಿನ ವ್ಯಾಪಾರವೆಲ್ಲ ಹೋಯಿತು ಅಂತ ಗೊಣಗಿದ. ಆಮೇಲೆ ಅವನೂ ಗಾಡಿಯನ್ನು ಬಸ್ ನಿಲ್ದಾಣದ ಕಡೆಗೆ ತಳ್ಳಿಕೊಂಡು ಹೋದ.

ಗುರುಗಳು ಕತೆ ನಿಲ್ಲಿಸಿದರು. ಪಂಪಾಪತಿ ನಿರಾಳವಾಗಿ ಉಸಿರು ಬಿಟ್ಟ. ಕೆಲಸ ಬಿಟ್ಟು ಹೋಗುತ್ತೇನೆ ಎಂದಿದ್ದವಳು ಉಳಿದಳಲ್ಲ ಎಂದು ಅವನಿಗೆ ತನ್ನದೇ ಮನೆಯವರು ಉಳಿದಷ್ಟು ಸಮಾಧಾನವಾಗಿತ್ತು. ಮುಖ ಅರಳಿತು.

“ತಿಳಿಯಿತು ಗುರುಗಳೇ” ಎಂದ. “ಇವತ್ತೇ ಹೋಗಿ ನನ್ನ ಗೆಳೆಯನಿಗೆ, ನಿನ್ನ ಭಾಗ ನನ್ನದಕ್ಕೆ ಹೊಂದುತ್ತಿಲ್ಲ ಕಣೋ ಅಂತ ಹೇಳುತ್ತೇನೆ. ಅವನು ಏನಾದರೂ ಅಂದುಕೊಳ್ಳಲಿ. ಈ ದಾಕ್ಷಿಣ್ಯ ಅನ್ನುವುದನ್ನು ಇಲ್ಲಿಗೆ ಬಿಟ್ಟೆ.”

ಗುರುಗಳು ತಲೆದೂಗಿದರು. ಪಕ್ಕದಲ್ಲಿದ್ದ ಪಾತ್ರೆಯ ಮುಚ್ಚಳ ತೆಗೆದು ಒಳಗೆ ನೋಡಿದರು. ಅಮೃತಬಳ್ಳಿಯ ಕಷಾಯ ಇನ್ನೂ ಅರ್ಧ ಪಾತ್ರೆ ಇತ್ತು.

“ಒಳ್ಳೆಯದಾಯಿತು” ಎಂದರು. “ಇನ್ನೊಂದು ಲೋಟ ಹಾಕಲೇ?”

ಪಂಪಾಪತಿ ಬಾಯಿ ತೆರೆದವನು ಹಾಗೆಯೇ ಕೂತ.